ಎಚ್‌ಒ ಎಂಜಿನ್‌ಗಳು: ಬೆಲೆ ಏರಿದೆ, ಮಾಲು ಸಿಗುತ್ತಿಲ್ಲ, ಯಾವುದನ್ನು ಕೊಳ್ಳಬೇಕು?

ಎಚ್‌ಒ ಎಂದರೆ 1:87 ಅಳತೆ, ನಿಜವಾದ ರೈಲಿನ 87ನೇ ಒಂದು ಪಾಲು. ಆ ಅಳತೆಯಲ್ಲಿ ಈಗ ಬರುತ್ತಿರುವ ಮಾದರಿ ರೈಲು ಎಂಜಿನ್‌ಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಐದು ಧ್ರುವದ ಮೋಟರ್, ಎರಡು ಫ್ಲೈವೀಲ್, ಹೆಚ್ಚುಕಡಿಮೆ ಎಲ್ಲ ಗಾಲಿಗಳಿಂದಲೂ ಕರೆಂಟು ಎತ್ತುವ ವ್ಯವಸ್ಥೆ, ತಂತಿಯಲ್ಲೇ ಮಾಡಿದ ಕೈಹಿಡಿಗಳು, ಭೂತಗನ್ನಡಿ ಹಿಡಿದು ಓದಬಹುದಾದ ಅಕ್ಷರಗಳು. ಹಿಂದೆ ಇಂಥ ನವಿರು ಕೈಯಲ್ಲಿ ಬೆಸೆದ ಹಿತ್ತಾಳೆ ಮಾದರಿಗಳಲ್ಲಿ ಮಾತ್ರ ಕಾಣುತ್ತಿತ್ತು. ತಕರಾರು ಬೇರೆ ಕಡೆ ಇದೆ. ಬೇಕೆಂದಾಗ ಎಂಜಿನ್ ಸಿಗುವುದಿಲ್ಲ. ಸಿಕ್ಕಾಗ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆ ಬೆಲೆಯ ದೊಡ್ಡ ಪಾಲು ಓಟಕ್ಕೆ ಸಂಬಂಧವೇ ಇಲ್ಲದ ಅಲಂಕಾರಕ್ಕೆ ಹೋಗುತ್ತಿದೆ. ಗಾಜಿನ ಕಪಾಟಿನಲ್ಲಿ ಇಡುವವರಿಗೆ ಅದು ಸರಿಯೇ. ಹಳಿಯ ಮೇಲೆ ದಿನಾ ಓಡಿಸುವವರು ದುಡ್ಡನ್ನು ಯಂತ್ರಭಾಗಕ್ಕೆ, ಅಂದರೆ ಮೋಟರ್, ಗೇರು, ಗಾಲಿ ಮತ್ತು ಬಿಡಿಭಾಗಗಳಿಗೆ ಹಾಕಬೇಕು.

ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಪ್ಲಾಸ್ಟಿಕ್ ಮೈ ಎರೆಯುವ ಉಕ್ಕಿನ ಅಚ್ಚು ಕೊರೆಯುವುದೇ ದೊಡ್ಡ ಖರ್ಚು. ಅಚ್ಚು ತಯಾರಾದ ಮೇಲೆ ಅದರಿಂದ ಬರುವುದು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ಎಂಜಿನ್‌ಗಳು ಮಾತ್ರ. ಆಟಿಕೆಗಳ ಹಾಗೆ ಲಕ್ಷಗಟ್ಟಲೆ ಬರುವುದಿಲ್ಲ, ಅಚ್ಚಿನ ಖರ್ಚು ಅಷ್ಟೇ ಎಂಜಿನ್‌ಗಳ ಮೇಲೆ ಹಂಚಿಹೋಗುತ್ತದೆ. ಎರಡನೆಯದು ಕೈಕೆಲಸ. ಮೆಟ್ಟಿಲು, ಬ್ರೇಕ್ ಕೊಳವೆ, ಹಾರ್ನ್, ವೈಪರ್ ಎಲ್ಲವನ್ನೂ ಬಿಡಿಬಿಡಿಯಾಗಿ ಅಂಟಿಸಬೇಕು. ಒಂದೊಂದು ಎಂಜಿನ್‌ಗೂ ಇಂಥ ನೂರಾರು ತುಣುಕುಗಳಿವೆ. ಅವನ್ನು ಯಂತ್ರ ಅಂಟಿಸುವುದಿಲ್ಲ, ಮನುಷ್ಯರು ಇಕ್ಕಳ ಹಿಡಿದು ಕೂರಿಸುತ್ತಾರೆ. ಚೀನಾದಲ್ಲಿ ಕೂಲಿ ಏರಿದಂತೆ ಈ ಭಾಗದ ಖರ್ಚೂ ನೇರವಾಗಿ ಏರಿತು.

ಪೂರೈಕೆ ಯಾಕೆ ಆಗಾಗ ಕುಸಿಯುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಪೆಟ್ಟಿಗೆಯ ಮೇಲಿನ ಹೆಸರುಗಳು ಹತ್ತಾರು, ಒಳಗಿನ ಮಾಲು ತಯಾರಿಸುವ ಕಾರ್ಖಾನೆಗಳು ಬೆರಳೆಣಿಕೆ. ಹಾರ್ನ್‌ಬಿ ಸೇರಿದಂತೆ ಹಲವು ಬ್ರ್ಯಾಂಡ್‌ಗಳಿಗೆ ಮಾಲು ಮಾಡಿಕೊಡುತ್ತಿದ್ದ ಸಾಂಡಾ ಕಾನ್ ಕಾರ್ಖಾನೆ 2008ರ ಸುಮಾರಿಗೆ ಸಂಕಷ್ಟಕ್ಕೆ ಸಿಲುಕಿ, ಬ್ಯಾಕ್‌ಮನ್‌ನ ಒಡೆಯರಾದ ಕೇಡರ್ ಸಂಸ್ಥೆಯ ಕೈಗೆ ಹೋಯಿತು. 2018ರಲ್ಲಿ ಆಫಾ ಎಂಬ ಕಾರ್ಖಾನೆ ಮುಚ್ಚಿದಾಗ ಅಮೆರಿಕದ ಹಲವು ಬ್ರ್ಯಾಂಡ್‌ಗಳು ಅಚ್ಚುಗಳನ್ನು ಹೊತ್ತು ಬೇರೆ ಬಾಗಿಲು ತಟ್ಟಬೇಕಾಯಿತು. ಅಚ್ಚು ಜಾಗ ಬದಲಿಸಿದರೆ ಹೊಸ ಕಾರ್ಖಾನೆಯಲ್ಲಿ ಮತ್ತೆ ಪರೀಕ್ಷೆ ಎರಕ ಹೊಯ್ಯಬೇಕು, ಬಣ್ಣ ಹೊಂದಿಸಬೇಕು, ಕೆಲಸಗಾರರಿಗೆ ಜೋಡಣೆ ಕಲಿಸಬೇಕು. ಹೀಗೆ ತಿಂಗಳುಗಳು ಉರುಳುತ್ತವೆ. ಆಮೇಲೆ 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಾಗ ಬೇಡಿಕೆ ಹೆಚ್ಚಿತು. 2021ರಲ್ಲಿ ಹಡಗಿನ ಬಾಡಿಗೆ ನೆಗೆಯಿತು, ಚಿಪ್ ಕೊರತೆ ಡೀಕೋಡರ್‌ಗಳನ್ನು, ಅಂದರೆ ಎಂಜಿನ್ನಿನೊಳಗೆ ಕೂತು ಡಿಜಿಟಲ್ ಆಜ್ಞೆಯಂತೆ ಮೋಟರ್, ದೀಪ, ಧ್ವನಿ ನಡೆಸುವ ಚಿಕ್ಕ ಬೋರ್ಡುಗಳನ್ನು, ತಡೆದು ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಸರಕಿನ ಮೇಲೆ ಹೇರಿದ ಸುಂಕ 145 ಪ್ರತಿಶತಕ್ಕೆ ಮುಟ್ಟಿ, ಮೇ ತಿಂಗಳಲ್ಲಿ ಇಳಿಯಿತು. ಸುಂಕ ಇಳಿದರೂ ಆ ಹೊತ್ತಿಗೆ ಹೊರಡಬೇಕಿದ್ದ ಮಾಲಿನ ವೇಳಾಪಟ್ಟಿ ಕದಡಿಹೋಗಿತ್ತು.

ಈಗಿನ ಸ್ಥಿತಿಯಲ್ಲಿ ಮುಂಗಡ ಬುಕಿಂಗ್ ಅಂಗಡಿಯ ಒಂದು ಸೌಲಭ್ಯವಲ್ಲ, ಅದೇ ಅಂಗಡಿಯ ದಾಸ್ತಾನು. ತಯಾರಕರು ಮಾದರಿಯನ್ನು ಘೋಷಿಸುತ್ತಾರೆ, ಒಂದು ದಿನಾಂಕದವರೆಗೆ ಆರ್ಡರ್ ತೆಗೆದುಕೊಳ್ಳುತ್ತಾರೆ, ಬಂದ ಆರ್ಡರ್‌ಗಿಂತ ತುಸು ಹೆಚ್ಚು ತಯಾರಿಸುತ್ತಾರೆ. ಘೋಷಣೆಯಿಂದ ಮಾಲು ಬರುವವರೆಗೆ ಒಂದರಿಂದ ಎರಡು ವರ್ಷ ಹಿಡಿಯುವುದು ಮಾಮೂಲು. ಜರ್ಮನಿಯ ತಯಾರಕ ಮಾರ್ಕ್ಲಿನ್ ತನ್ನ ಕ್ಯಾಟಲಾಗಿನಲ್ಲಿ 'ಒಂದೇ ಬಾರಿಯ ಸರಣಿ' ಎಂದು ಗುರುತು ಹಾಕಿಯೇ ಕೆಲವು ಮಾದರಿಗಳನ್ನು ತರುತ್ತದೆ. ಅವು ಅದೇ ರೂಪದಲ್ಲಿ ಮತ್ತೆ ಬರುವುದಿಲ್ಲ.

ಈ ಪದ್ಧತಿಗೆ ನಮ್ಮ ಅಂಕ ಕಡಿಮೆಯೇ. ನೋಡದ ಮಾಲಿಗೆ, ಓಡಿಸದ ಯಂತ್ರಕ್ಕೆ ಒಪ್ಪಿಗೆ ಕೊಡಿಸಿಕೊಳ್ಳುವುದು ಗ್ರಾಹಕನಿಗೆ ಅನ್ಯಾಯ. ಆದರೂ ಒಂದು ನಿರ್ದಿಷ್ಟ ಎಂಜಿನ್ ಬೇಕೇಬೇಕು ಅನ್ನುವವರಿಗೆ ಬೇರೆ ದಾರಿಯಿಲ್ಲ. ಬುಕ್ ಮಾಡುವ ಮುಂಚೆ ಅಂಗಡಿಯವರಿಂದ ಮೂರು ವಿಷಯ ಬರಹದಲ್ಲಿ ತಿಳಿದುಕೊಳ್ಳಿ. ಹಣ ಈಗ ಕಡಿತವಾಗುತ್ತದೆಯೋ ಮಾಲು ಕಳಿಸುವಾಗಲೋ? ಘೋಷಿಸಿದ ಬೆಲೆ ಖಾತ್ರಿಯೋ, ಬಂದ ದಿನದ ಬೆಲೆಯೋ? ತಯಾರಕರು ಅಂಗಡಿಯ ಪಾಲನ್ನು ಕಡಿತ ಮಾಡಿದರೆ ಯಾರಿಗೆ ಮೊದಲು ಕೊಡುತ್ತಾರೆ? ಮೂರನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ, ಮಾಲು ಬಂದ ದಿನ ಜಗಳವಾಗುವುದು ಅದರಿಂದಲೇ. ಅಂಗಡಿಗಳಿಗೂ ನಾಳೆಯ ಭರವಸೆ ಇಲ್ಲ ಎಂಬುದು ನೆನಪಿರಲಿ. 1946ರಿಂದ ನಡೆದು ಬಂದಿದ್ದ ಬ್ರಿಟನ್ನಿನ ಹ್ಯಾಟನ್ಸ್ 2024ರ ಜನವರಿಯಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿತು. ಆದ್ದರಿಂದ ಪೂರ್ತಿ ಹಣವನ್ನು ವರ್ಷ ಮೊದಲೇ ಕಟ್ಟುವುದು ಬೇಡ.

ತಾಳ್ಮೆ ಇದ್ದರೆ ಇನ್ನೊಂದು ದಾರಿಯಿದೆ. ಹೊಸ ಅಚ್ಚಿನ ಮೊದಲ ಬ್ಯಾಚ್ ಬಿಟ್ಟು ಎರಡನೆಯದಕ್ಕೆ ಕಾಯಿರಿ. ದುಬಾರಿ ಅಚ್ಚನ್ನು ತಯಾರಕರು ಒಮ್ಮೆ ಬಳಸಿ ಮೂಲೆಗೆ ಹಾಕುವುದಿಲ್ಲ. ಬೇರೆ ಬಣ್ಣ, ಬೇರೆ ನಂಬರ್ ಹಾಕಿ ಮತ್ತೆ ತರುತ್ತಾರೆ. ಅಷ್ಟರಲ್ಲಿ ಮೊದಲ ಬ್ಯಾಚಿನ ದೋಷಗಳು, ಸಡಿಲ ಗೇರುಪೆಟ್ಟಿಗೆ, ತಪ್ಪು ಅಳತೆಯ ಗಾಲಿ, ಕಡಿದು ಬರುವ ದೀಪದ ತಂತಿ, ಬಯಲಿಗೆ ಬಂದು ಸಾಮಾನ್ಯವಾಗಿ ಸರಿಪಡಿಸಲ್ಪಟ್ಟಿರುತ್ತವೆ.

ಇನ್ನು ಧ್ವನಿ. ಧ್ವನಿಯಿಲ್ಲದ ಎಂಜಿನ್ ಬೆಲೆ 100 ಎಂದಿಟ್ಟುಕೊಂಡರೆ, ಅದೇ ಎಂಜಿನ್ ಧ್ವನಿ ಡೀಕೋಡರ್ ಸಮೇತ ಸುಮಾರು 140ರಿಂದ 150 ಆಗುತ್ತದೆ. ಕಾರ್ಖಾನೆಯಲ್ಲೇ ಹಾಕಿಸಿದ್ದನ್ನು ಕೊಳ್ಳಬೇಡಿ, ಡೀಕೋಡರ್ ಚುಚ್ಚುವ ಸಾಕೆಟ್ ಮಾತ್ರ ಇರುವುದನ್ನು ಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ. ಕೆಲವು ಎಂಜಿನ್‌ಗಳಲ್ಲಿ ಬರುವ ಡೀಕೋಡರ್ ಆ ಬ್ರ್ಯಾಂಡಿಗೆಂದೇ ಸೌಲಭ್ಯ ಕತ್ತರಿಸಿದ್ದು, ಅದಕ್ಕೆ ಬೇರೆ ಧ್ವನಿ ತುಂಬಲಾಗುವುದಿಲ್ಲ. ಸಾಕೆಟ್ ಇದ್ದರೆ ಲೋಕ್‌ಸೌಂಡ್ ಅಥವಾ ಸಿಮೊ ಡೀಕೋಡರನ್ನು ಮುಂದೆ ಕೈಯಲ್ಲಿ ಹಣ ಇದ್ದಾಗ ಹಾಕಬಹುದು, ಎಂಜಿನ್ ಮಾರುವಾಗ ತೆಗೆದು ಇಟ್ಟುಕೊಳ್ಳಲೂಬಹುದು.

ಸಾಕೆಟ್ ಯಾವುದು ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿಯೇ ಡೀಕೋಡರ್ ತರಿಸಬೇಕು. ಹಳೆಯ ಎಂಟು ಪಿನ್ನಿನದು, ಅಂದರೆ ಯುರೋಪಿನ ಮಾದರಿ ರೈಲು ಮಾನದಂಡದ ಎನ್‌ಇಎಂ 652, ಧ್ವನಿಗೆ ಬಡವ. ಸ್ಪೀಕರ್‌ಗೆ ಪ್ರತ್ಯೇಕ ತಂತಿ ಎಳೆಯಬೇಕು. ಇದನ್ನು ತಿರುಗಿಸಿ ಚುಚ್ಚಿದರೆ ಸಾಮಾನ್ಯವಾಗಿ ಮೋಟರ್ ಓಡುತ್ತದೆ, ದೀಪ ಹತ್ತುವುದಿಲ್ಲ. ಕಿತ್ತಳೆ ತಂತಿ ಒಂದನೇ ಪಿನ್ನಿಗೆ ಬರಬೇಕು. ಪ್ಲಕ್ಸ್22 ಎಂಬ ಇನ್ನೊಂದು ಬಗೆಯ ಸಾಕೆಟ್ಟಿನಲ್ಲಿ 11ನೇ ಪಿನ್ ಇರುವುದಿಲ್ಲ, ಹಾಗಾಗಿ ತಪ್ಪು ಹಾಕುವ ಭಯ ಕಡಿಮೆ. 21ಎಂಟಿಸಿ ಸಾಕೆಟ್ಟಿನಲ್ಲಿ ಅಡಗಿರುವ ತೊಡಕು ಬೇರೆ. ಈ ಡೀಕೋಡರ್‌ಗಳು ಎರಡು ಬಗೆಯಲ್ಲಿ ಬರುತ್ತವೆ. ಒಂದರಲ್ಲಿ ಮೂರು ಮತ್ತು ನಾಲ್ಕನೆಯ ಹೆಚ್ಚುವರಿ ಔಟ್‌ಪುಟ್‌ಗಳು ನೇರವಾಗಿ ದೀಪ ಉರಿಸುವಷ್ಟು ಶಕ್ತಿ ಕೊಡುತ್ತವೆ, ಇನ್ನೊಂದರಲ್ಲಿ ಬರೀ ಸಂಕೇತ ಕೊಡುತ್ತವೆ. ಎಂಜಿನ್ನಿನ ಬೋರ್ಡ್ ಯಾವುದನ್ನು ಕೇಳುತ್ತದೋ ಅದನ್ನೇ ಹಾಕದಿದ್ದರೆ ಕೆಲವು ದೀಪಗಳು ಹತ್ತುವುದೇ ಇಲ್ಲ. ದೋಷ ಎಂಜಿನ್ನಿನದೆಂದು ವಾಪಸ್ ಕಳಿಸುವವರು ಮೊದಲು ಇದನ್ನು ನೋಡಬೇಕು. ನೆಕ್ಸ್ಟ್18 ಎಂಬ ಚಿಕ್ಕ ಸಾಕೆಟ್ ಹೆಚ್ಚಾಗಿ 1:160ರ ಎನ್ ಅಳತೆಯಲ್ಲೂ ಚಿಕ್ಕ ಎಚ್‌ಒ ಎಂಜಿನ್‌ಗಳಲ್ಲೂ ಸಿಗುತ್ತದೆ.

ಕಡಿಮೆ ಬೆಲೆಯ ಸಾಲುಗಳಲ್ಲಿ ಪಿಕೊ ಹಾಬಿ ಮತ್ತು ವಾಲ್ದರ್ಸ್ ಮೇನ್‌ಲೈನ್ ಎರಡನ್ನೂ ಧೈರ್ಯವಾಗಿ ಕೊಳ್ಳಬಹುದು. ಕೈಹಿಡಿ, ಕೊಳವೆಗಳಂಥ ಹೊರಗಿನ ವಿವರ ಸರಳ, ಎಷ್ಟೋ ಭಾಗ ಮೈಗೇ ಎರೆದದ್ದು. ಯಂತ್ರಭಾಗದಲ್ಲಿ ಮಾತ್ರ ಬಹುಪಾಲು ರಾಜಿ ಇಲ್ಲ. ಮೈಗೆ ಎರೆದ ಕೈಹಿಡಿ ಮುರಿಯುವುದಿಲ್ಲ ಎಂಬುದೂ ದಿನಾ ಎತ್ತಿ ಇಳಿಸುವವರಿಗೆ ಲಾಭ. ಹಾರ್ನ್‌ಬಿಯ ರೈಲ್‌ರೋಡ್ ಸಾಲಿನಲ್ಲಿ ಇಟಲಿಯ ಲೀಮಾ ಕಂಪನಿಯಿಂದ ಬಂದ ಹಳೆಯ ಅಚ್ಚುಗಳೂ ಇವೆ. ಅವು 1:76 ಅಳತೆಯವು, ಹಳಿ ಮಾತ್ರ ಎಚ್‌ಒನ ಅದೇ 16.5 ಮಿ.ಮೀ. ಒಂದೊಂದು ಮಾದರಿಗೆ ಒಂದೊಂದು ಗುಣ, ಆದ್ದರಿಂದ ಮೋಟರ್ ಯಾವುದು, ಸಾಕೆಟ್ ಇದೆಯೇ ಎಂದು ನೋಡದೆ ಕೊಳ್ಳಬಾರದು. ಜಾಗ ಕಡಿಮೆ ಇರುವವರಿಗೆ ಎನ್ ಅಳತೆಯಲ್ಲಿ ಕಾಟೊದ ಎಂಜಿನ್‌ಗಳು ಬೆಲೆಗೆ ತಕ್ಕ ಓಟ ಕೊಡುತ್ತವೆ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಒಳ್ಳೆಯ ಮಾಲು ಇನ್ನೂ ಇದೆ, ನೋಡುವ ಕಣ್ಣು ಬೇಕು. ಮೊದಲು ಮಾರ್ಕ್ಲಿನ್‌ನ ಮೂರು ಹಳಿ ವ್ಯವಸ್ಥೆಯದೋ, ಎರಡು ಹಳಿಯದೋ ಖಚಿತಪಡಿಸಿಕೊಳ್ಳಿ. ಎಂಜಿನ್ನಿನ ಹೊಟ್ಟೆಯಲ್ಲಿ ಉದ್ದ ಲೋಹದ ಪಟ್ಟಿ ಕಂಡರೆ ಅದು ಹಳಿಗಳ ನಡುವಿನಿಂದ ಕರೆಂಟು ಎತ್ತುವ ಮೂರು ಹಳಿಯದು. ಅದರ ಎಡ ಬಲ ಗಾಲಿಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲವಾದ್ದರಿಂದ ಎರಡು ಹಳಿಯ ಮೇಲಿಟ್ಟರೆ ಶಾರ್ಟ್ ಆಗುತ್ತದೆ. ಅದೇ ಮನೆಯ ಎರಡು ಹಳಿಯ ಮಾಲು ಟ್ರಿಕ್ಸ್ ಹೆಸರಿನಲ್ಲಿ ಬರುತ್ತದೆ.

ಆಮೇಲೆ ಎರಕದ ಚಾಸಿ. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷಗಳು ಕಳೆದಂತೆ ಅದು ಉಬ್ಬಿ, ಕೂದಲೆಳೆಯಂಥ ಬಿರುಕು ಬಿಟ್ಟು, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮೈ ಸರಿಯಾಗಿ ಕೂರದಿದ್ದರೆ, ತುದಿಗಳು ಬಾಗಿದ್ದರೆ, ತಿರುಪು ಬಿಚ್ಚಲಾಗದಂತೆ ಕಚ್ಚಿದ್ದರೆ ಅನುಮಾನಿಸಿ. ಇದಕ್ಕೆ ಮದ್ದಿಲ್ಲ. ಹೊಸ ಚಾಸಿ ಸಿಗದ ಹೊರತು ಆ ಎಂಜಿನ್ ಬಿಟ್ಟುಬಿಡಿ.

ಬಿರುಕು ಬಿಟ್ಟ ಗೇರನ್ನು ಕಿವಿಯಿಂದಲೇ ಹಿಡಿಯಬಹುದು. ಆಕ್ಸಲ್ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗೇರು ಕಾಲಕ್ರಮೇಣ ಸೀಳುತ್ತದೆ, ಸೀಳಿದ ಕಡೆ ಎರಡು ಹಲ್ಲುಗಳ ಅಂತರ ಹಿಗ್ಗುತ್ತದೆ. ಎಂಜಿನ್ನನ್ನು ಸ್ಪಂಜಿನ ಮೇಲೆ ಅಂಗಾತ ಮಲಗಿಸಿ ನಿಧಾನಕ್ಕೆ ಓಡಿಸಿ. ಪ್ರತಿ ಸುತ್ತಿಗೂ ಒಮ್ಮೆ 'ಟಕ್' ಎಂದರೆ ಅದೇ. ಅಂಟು ಹಾಕಿ ಪ್ರಯೋಜನವಿಲ್ಲ. ಗೇರಿಗೆ ಬಳಸುವ ಅಸಿಟಲ್ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಗೇರನ್ನೇ ಬದಲಿಸಬೇಕು. ಬದಲಿಸಿದ ಮೇಲೆ ಎರಡು ಗಾಲಿಗಳ ಒಳಬದಿಯ ಅಂತರ 14.3ರಿಂದ 14.5 ಮಿ.ಮೀ. ಇದೆಯೇ ಎಂದು ಕ್ಯಾಲಿಪರ್ ಇಟ್ಟು ಅಳೆಯಿರಿ. ಕಡಿಮೆಯಾದರೆ ಹಳಿ ಕವಲೊಡೆಯುವ ಪಾಯಿಂಟುಗಳಲ್ಲಿ ಗಾಲಿ ಹತ್ತಿ ಹಳಿ ತಪ್ಪುತ್ತದೆ.

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಎಂಜಿನ್ ಓಡದಿದ್ದರೆ ಮೋಟರ್ ಸುಟ್ಟಿದೆ ಎಂದು ತೀರ್ಮಾನಿಸಬೇಡಿ. ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಬಲವಂತವಾಗಿ ಕರೆಂಟು ಕೊಟ್ಟರೆ ಆಗ ನಿಜವಾಗಿಯೂ ಸುಡುತ್ತದೆ. ಗೇರುಪೆಟ್ಟಿಗೆ ಬಿಚ್ಚಿ, ಹಳೆಯ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಹೊಸ ಗ್ರೀಸನ್ನು ಹಲ್ಲಿಗೆ ತುಸುವೇ ಸವರಿ, ಬೇರಿಂಗಿಗೆ ಸೂಜಿಮೊನೆಯಷ್ಟು ಎಣ್ಣೆ ಬಿಡಿ. ಎಣ್ಣೆ ಹೆಚ್ಚಾದರೆ ಮೋಟರಿನ ಸುರುಳಿಗೆ ಕರೆಂಟು ಮುಟ್ಟಿಸುವ ಕಮ್ಯುಟೇಟರಿಗೆ ಹರಿದು ಕಿಡಿ ಹಾರುತ್ತದೆ, ಗಾಲಿಗೆ ಹರಿದರೆ ಹಳಿಯೆಲ್ಲ ಕೊಳೆಯಾಗುತ್ತದೆ.

ಕೊನೆಗೆ ಆಮ್ಮೀಟರ್. 12 ವೋಲ್ಟ್ ಡಿಸಿಯಲ್ಲಿ ಹೊರೆಯಿಲ್ಲದೆ ಓಡುವ ಸ್ವಸ್ಥ ಎಚ್‌ಒ ಎಂಜಿನ್ ಸಾಮಾನ್ಯವಾಗಿ 0.3 ಆಂಪಿಯರ್ ಒಳಗೇ ಎಳೆಯುತ್ತದೆ. 0.5 ದಾಟಿದರೆ ಆಯಸ್ಕಾಂತ ಸೊರಗಿದೆ ಅಥವಾ ಎಲ್ಲೋ ಬಿಗಿದಿದೆ. ಗಾಲಿ ಜಾರುವಂತೆ ಕೈಯಿಂದ ಮೆಲ್ಲಗೆ ಅದುಮಿ ಹಿಡಿದಾಗಿನ ಅಳತೆಯೂ ಬೇಕು. ಅದು ಹಾಕಲಿರುವ ಡೀಕೋಡರಿನ ಮಿತಿಯೊಳಗೆ ಇರಬೇಕು, ಎಚ್‌ಒ ಡೀಕೋಡರ್‌ಗಳಲ್ಲಿ ಅದು ಬಹುತೇಕ 1 ಆಂಪಿಯರ್ ಆಸುಪಾಸು.

ಹೊಸದನ್ನು ಕೊಂಡವರೂ ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಎರಡು ಕೆಲಸ ಮಾಡಬೇಕು. ಹೊರೆಯಿಲ್ಲದೆ ಮಧ್ಯಮ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ. ದೋಷವಿದ್ದರೆ ವಾಪಸಾತಿಯ ಅವಧಿಯೊಳಗೇ ಗೊತ್ತಾಗುತ್ತದೆ. ಇದಕ್ಕೆ ನಿಮ್ಮ ಹಳಿಯ ತಿರುವು ಸಾಲುತ್ತದೆಯೇ ಎಂದು ಮೊದಲೇ ನೋಡಿರಬೇಕು. ಮಾರ್ಕ್ಲಿನ್‌ನ ಚಿಕ್ಕ ತಿರುವಿನ ತ್ರಿಜ್ಯ 360 ಮಿ.ಮೀ., ಮುಂದಿನದು 437.5. ಉದ್ದನೆಯ ಎಂಜಿನ್‌ಗಳು ಮೊದಲನೆಯದರಲ್ಲಿ ತಿರುಗದೇ ಇರಬಹುದು. ಎರಡನೆಯ ಕೆಲಸ, ಗಾಲಿಗೆ ಹಾಕುವ ಹಿಡಿತದ ರಬ್ಬರ್ ಪಟ್ಟಿ ಎರಡು ಜೊತೆ ಮತ್ತು ಸಿಗುವುದಾದರೆ ಆಕ್ಸಲ್ ಗೇರು ಒಂದು ಸೆಟ್ ಆಗಲೇ ತರಿಸಿಡಿ. ಬಿಡಿಭಾಗಗಳನ್ನು ಎಷ್ಟೋ ತಯಾರಕರು ಆ ಬ್ಯಾಚಿನ ಜೊತೆಗೆ ಮಾತ್ರ ಮಾಡುತ್ತಾರೆ. ಮೇಲಾಗಿ ಅಗ್ಗದ ಪೊಟ್ಟಣಗಳಿಗಿದ್ದ ತೆರಿಗೆ ವಿನಾಯಿತಿಯನ್ನು ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಿಂದ, ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿವೆ. ಅಲ್ಲಿನ ಗ್ರಾಹಕರು ಹೊರದೇಶದಿಂದ ಒಂದೇ ಒಂದು ಗೇರು ತರಿಸಿದರೂ ಈಗ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಬಿಡಿಭಾಗ ಬೇಕಿದ್ದರೆ ಎಂಜಿನ್ನಿನ ಆರ್ಡರ್ ಜೊತೆಯಲ್ಲೇ, ಅದೇ ಪೊಟ್ಟಣದಲ್ಲಿ ತರಿಸಿಕೊಳ್ಳಿ.