ಚಕ್ರ, ಬ್ಯಾಗರ್, ಸ್ವಂತ ಕೈ: ಅಮೆರಿಕದ ದಿನಸಿ ಅಂಗಡಿಯಲ್ಲಿ ಚೀಲ ತುಂಬುವ ನಾಲ್ಕು ಬಗೆ

ದಿನಸಿ ಅಂಗಡಿಯನ್ನು ಬೆಲೆ, ತಾಜಾತನ, ಮನೆಯಿಂದ ಇರುವ ದೂರ ನೋಡಿ ಆರಿಸಿಕೊಳ್ಳುವವರೇ ಹೆಚ್ಚು. ನಾನು ಇನ್ನೊಂದನ್ನೂ ನೋಡುತ್ತೇನೆ: ಬಿಲ್ ಆದ ಸಾಮಾನು ಚೀಲಕ್ಕೆ ಹೇಗೆ ಇಳಿಯುತ್ತದೆ? ಟೊಮೆಟೊ ಮೇಲೆ ಹಾಲಿನ ಗ್ಯಾಲನ್ ಕೂತು ಮನೆ ಸೇರಿದರೆ ಅಗ್ಗಕ್ಕೆ ಕೊಂಡು ಏನು ಸುಖ?

ನಮ್ಮ ಮನೆ ಇರುವುದು ಡಲ್ಲಾಸ್‌ನ ಉತ್ತರಕ್ಕೆ, ಪ್ಲೇನೋದಲ್ಲಿ. ಸುತ್ತಮುತ್ತಲ ಅಂಗಡಿಗಳಲ್ಲಿ ನಾಲ್ಕು ಬಗೆಯ ಕೌಂಟರುಗಳಿವೆ. ಕ್ಯಾಷಿಯರ್ ಪಕ್ಕದಲ್ಲಿ ಕವರುಗಳ ಚಕ್ರ ತಿರುಗುವುದು ಒಂದು. ಉದ್ದ ಬೆಲ್ಟಿನ ಕೊನೆಯಲ್ಲಿ ಚೀಲ ತುಂಬಲೆಂದೇ ಬ್ಯಾಗರ್ ನಿಂತಿರುವುದು ಇನ್ನೊಂದು. ನಾವೇ ಸ್ಕ್ಯಾನ್ ಮಾಡಿ ನಾವೇ ತುಂಬಿಕೊಳ್ಳುವ ಯಂತ್ರ ಮತ್ತೊಂದು. ಸಾಮಾನನ್ನು ಹಾಗೆಯೇ ಗಾಡಿಗೆ ಹಾಕಿ ಕಳುಹಿಸುವುದು ಕಡೆಯದು. ನಮ್ಮ ಮನೆಯ ಪಟ್ಟಿ ವಾರದಿಂದ ವಾರಕ್ಕೆ ಹೆಚ್ಚು ಬದಲಾಗುವುದಿಲ್ಲ: ಒಂದು ಗ್ಯಾಲನ್ ಹಾಲು, ಮೊಸರಿನ ಡಬ್ಬಿ, ಬ್ರೆಡ್, ಬಾಳೆಹಣ್ಣು, ಟೊಮೆಟೊ, ಎರಡು ಕಟ್ಟು ಕೊತ್ತಂಬರಿ ಸೊಪ್ಪು, ಫ್ರೀಜರ್‌ನ ಬಟಾಣಿ, ಪಾತ್ರೆ ತೊಳೆಯುವ ಸೋಪು, ಒಮ್ಮೊಮ್ಮೆ 20 ಪೌಂಡಿನ ಅಕ್ಕಿ ಮೂಟೆ. ಭಾರದ್ದು, ಮೆತ್ತನೆಯದು, ತಣ್ಣನೆಯದು, ವಾಸನೆ ಹಿಡಿಯುವುದು ಎಲ್ಲವೂ ಅದರಲ್ಲಿದೆ. ಆದ್ದರಿಂದ ಈ ಪಟ್ಟಿಯೇ ನನ್ನ ಪರೀಕ್ಷೆ.

ಚಕ್ರದಿಂದ ಶುರು ಮಾಡುತ್ತೇನೆ. ವಾಲ್‌ಮಾರ್ಟ್‌ಗೆ ಹೋದವರೆಲ್ಲ ಇದನ್ನು ಕಂಡಿರುತ್ತಾರೆ, ಬೇರೆ ಅಂಗಡಿಗಳಲ್ಲೂ ಇದೆ. ನಡುವೆ ನೆಟ್ಟಗಿನ ಒಂದು ಕಂಬ, ಕೆಳಗೆ ಬೇರಿಂಗ್, ಕಂಬದ ಸುತ್ತ ಕವರುಗಳನ್ನು ನೇತುಹಾಕುವ ಕಂಬಿಗಳ ಜೋಡಿಗಳು. ಮೋಟರಿಲ್ಲ, ಕರೆಂಟಿಲ್ಲ, ಕ್ಯಾಷಿಯರ್ ಅಂಗೈಯಲ್ಲಿ ಮೆಲ್ಲಗೆ ತಳ್ಳಿದರೆ ಮುಂದಿನ ಕವರು ಎದುರಿಗೆ ಬರುತ್ತದೆ. ಜಾಣತನವಿರುವುದು ತಿರುಗುವುದಕ್ಕಿಂತ ಹೆಚ್ಚಾಗಿ ಕವರು ಬಾಯಿ ತೆರೆಯುವ ರೀತಿಯಲ್ಲಿ. ಕವರುಗಳು ಬಿಡಿಬಿಡಿಯಾಗಿ ಬರುವುದಿಲ್ಲ, ಕಟ್ಟಾಗಿ ಬರುತ್ತವೆ. ಎರಡು ಕಿವಿಗಳಲ್ಲಿರುವ ತೂತುಗಳು ಎರಡು ಕಂಬಿಗಳಿಗೆ ಪೋಣಿಸಿಕೊಳ್ಳುತ್ತವೆ, ನಡುವಿನ ಪುಟ್ಟ ನಾಲಿಗೆ ಹಿಂದಿನ ಕೊಕ್ಕೆಗೆ ಸಿಗುತ್ತದೆ. ಒಂದರ ಬೆನ್ನು ಇನ್ನೊಂದರ ಎದೆಗೆ ಸಣ್ಣಗೆ ಅಂಟಿಕೊಂಡಿರುವುದರಿಂದ, ತುಂಬಿದ ಕವರನ್ನು ಎಳೆದುಕೊಂಡ ಕೂಡಲೇ ಹಿಂದಿನದು ತಾನಾಗಿಯೇ ಬಾಯಿ ತೆರೆದು ನಿಲ್ಲುತ್ತದೆ. ಬೆರಳು ಒದ್ದೆ ಮಾಡಿಕೊಂಡು ಕವರಿನ ಬಾಯಿ ಹುಡುಕುವ ಕಷ್ಟವಿಲ್ಲ. ಎರಡು ಕಿವಿಯ ಈ ಕವರಿಗೆ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಮಾಡಿದ ವಿನ್ಯಾಸವೇ ಮೂಲ. ಅವರ ಕಂಪನಿ ಸೆಲ್ಲೋಪ್ಲಾಸ್ಟ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. 1982ರಲ್ಲಿ ಇಲ್ಲಿನ ದೊಡ್ಡ ದಿನಸಿ ಅಂಗಡಿ ಸರಣಿಗಳಾದ ಸೇಫ್‌ವೇ ಮತ್ತು ಕ್ರೋಗರ್ ಪ್ಲಾಸ್ಟಿಕ್ ಕವರಿಗೆ ಹೊರಳಿಕೊಂಡವು. ಕಾಗದದ ಚೀಲ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ, ಪ್ಲಾಸ್ಟಿಕ್ ಕವರು ನೇತಾಡಲೇಬೇಕು. ನೇತಾಡುವ ಕವರಿಲ್ಲದಿದ್ದರೆ ಇಂಥ ಚಕ್ರಕ್ಕೆ ಕೆಲಸವೇ ಇಲ್ಲ.

ಚಕ್ರದ ನಿಜವಾದ ಲಾಭ ಎರಡು. ಕ್ಯಾಷಿಯರ್ ಕೈಗೆ ಬಂದ ವಸ್ತು ಸ್ಕ್ಯಾನರ್ ದಾಟಿ ನೇರ ಕವರಿಗೆ ಬೀಳುತ್ತದೆ; ಒಂದು ವಸ್ತುವನ್ನು ಒಮ್ಮೆ ಮಾತ್ರ ಮುಟ್ಟಿದರೆ ಸಾಕು. ಕವರಿನ ಬಾಯಿ ಕೌಂಟರಿಗಿಂತ ಹೆಚ್ಚು ಮೇಲಿರುವುದಿಲ್ಲವಾದ್ದರಿಂದ ವಸ್ತುವನ್ನು ಎತ್ತುವ ಅಗತ್ಯವೂ ಇಲ್ಲ. ಎರಡನೆಯದು ನನಗೆ ಇನ್ನೂ ಮುಖ್ಯ: ಏಕಕಾಲಕ್ಕೆ ಹಲವು ಕವರುಗಳು ಬಾಯಿ ತೆರೆದಿರುತ್ತವೆ. ಸಾಮಾನು ಯಾವ ಕ್ರಮದಲ್ಲೇ ಬರಲಿ, ಹಾಲು ಒಂದಕ್ಕೆ, ಸೊಪ್ಪು ಇನ್ನೊಂದಕ್ಕೆ, ಸೋಪು ಮತ್ತೊಂದಕ್ಕೆ ಹೋಗಬಹುದು. ನಾನು ಹೆಚ್ಚಾಗಿ ಹೋಗುವ ಕೌಂಟರಿನ ಹಿರಿಯ ಮಹಿಳೆಯೊಬ್ಬರು ಇದರಲ್ಲಿ ಪಳಗಿದವರು. ಬ್ರೆಡ್ ಬಂದರೆ ತುಂಬುತ್ತಿರುವ ಕವರನ್ನು ಬಿಟ್ಟು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಖಾಲಿ ಕವರಿಗೆ ಅದನ್ನು ಇಳಿಬಿಡುತ್ತಾರೆ, ಮರುಕ್ಷಣ ಮತ್ತೆ ಹಳೆಯ ಕವರಿಗೆ ಮರಳುತ್ತಾರೆ. ಬಲಗೈ ಸ್ಕ್ಯಾನ್ ಮಾಡುತ್ತಿದ್ದರೆ ಎಡಗೈ ಚಕ್ರದ ಮೇಲಿರುತ್ತದೆ. ಕಣ್ಣು ಮಾತ್ರ ಬೆಲ್ಟಿನ ಮೇಲೆ, ಮುಂದೆ ಬರುವುದೇನು ಎಂದು.

ಅಂಥ ಕೈ ಎಲ್ಲರಿಗೂ ಇರುವುದಿಲ್ಲ. ಎದುರಿಗಿದ್ದ ಕವರಿಗೆ ಬಂದದ್ದನ್ನೆಲ್ಲ ತುರುಕಿ, ಅದು ತುಂಬಿದ ಮೇಲೆ ತಿರುಗಿಸುವವರೂ ಇದ್ದಾರೆ. ಆಗ ಚಕ್ರವಿದ್ದೂ ಇಲ್ಲದಂತೆ. ಜೊತೆಗೆ, ಚಕ್ರ ನಡೆಯಬೇಕಾದರೆ ಗಿರಾಕಿಯೂ ದುಡಿಯಬೇಕು. ತುಂಬಿದ ಕವರುಗಳನ್ನು ನಾವು ಎತ್ತಿ ಗಾಡಿಗೆ ಹಾಕುತ್ತಲೇ ಇರಬೇಕು. ಫೋನ್ ನೋಡುತ್ತ ನಿಂತರೆ ಎಲ್ಲ ಕಂಬಿಗಳೂ ತುಂಬಿ ಕ್ಯಾಷಿಯರ್ ಕೈಕಟ್ಟಿ ನಿಲ್ಲುತ್ತಾರೆ, ಹಿಂದಿನ ಸಾಲು ಬೆಳೆಯುತ್ತದೆ. ಬೆನ್ನುನೋವಿರುವವರಿಗೆ, ವಯಸ್ಸಾದವರಿಗೆ ಸುಮಾರು ನಾಲ್ಕು ಕಿಲೋ ತೂಗುವ ಹಾಲಿನ ಗ್ಯಾಲನ್ ಇರುವ ಕವರನ್ನು ಕಂಬಿಯಿಂದ ಬಿಡಿಸಿ ಎತ್ತುವುದು ಸುಲಭವಲ್ಲ.

ಚಕ್ರದ ದೊಡ್ಡ ದೋಷ ಅದರ ಹಿಂಬದಿ. ಕಡೆಯ ಕವರು ಅತ್ತ ತಿರುಗಿಕೊಂಡಿದ್ದರೆ ಇತ್ತ ನಿಂತವರಿಗೆ ಕಾಣುವುದಿಲ್ಲ. ಒಂದು ಅಂಗಡಿಯಲ್ಲಿ ನನ್ನ ಮುಂದಿದ್ದ ವೃದ್ಧರೊಬ್ಬರು ಹಣ ಕೊಟ್ಟು ಹೊರಟುಬಿಟ್ಟರು, ಅವರ ಔಷಧಿ ಇದ್ದ ಕವರು ಹಿಂಬದಿಯಲ್ಲೇ ಉಳಿದಿತ್ತು. ನಾನು ಓಡಿ ಬಾಗಿಲಲ್ಲಿ ಕೊಟ್ಟು ಬಂದೆ. ಹೊರಡುವ ಮುಂಚೆ ಕ್ಯಾಷಿಯರ್ ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ತೋರಿಸುವುದನ್ನು ಪ್ರತಿ ಅಂಗಡಿಯೂ ನಿಯಮ ಮಾಡಬೇಕು. ಎರಡು ಸೆಕೆಂಡಿನ ಕೆಲಸ.

ಬ್ಯಾಗರ್ ಇರುವ ಕೌಂಟರಿನ ನಡೆ ಬೇರೆ. ಕ್ಯಾಷಿಯರ್ ಸ್ಕ್ಯಾನ್ ಮಾಡಿದ್ದೆಲ್ಲ ಬೆಲ್ಟಿನ ಮೇಲೆ ಜಾರಿ ಕೊನೆಗೆ ಸೇರುತ್ತದೆ. ಅಲ್ಲಿ ನಿಂತಿರುವ ಹುಡುಗನೋ ಹುಡುಗಿಯೋ, ಅನೇಕ ವೇಳೆ ಹೈಸ್ಕೂಲಿನ ವಿದ್ಯಾರ್ಥಿಗಳು, ಒಂದಿಷ್ಟು ಸಾಮಾನು ಒಟ್ಟುಗೂಡುವವರೆಗೆ ಕಾದು ಕೈಹಾಕುತ್ತಾರೆ. ಆ ಕಾಯುವಿಕೆಯಲ್ಲಿಯೇ ಗುಟ್ಟಿದೆ. ಚಕ್ರದ ಮುಂದಿರುವ ಕ್ಯಾಷಿಯರ್‌ಗೆ ಕೈಯಲ್ಲಿರುವ ವಸ್ತು ಎಲ್ಲಿಗೆ ಹೋಗಬೇಕೆಂದು ಆ ಕ್ಷಣವೇ ತೀರ್ಮಾನಿಸಬೇಕಾಗುತ್ತದೆ. ಬ್ಯಾಗರ್‌ಗೆ ಎಲ್ಲವೂ ಕಣ್ಣೆದುರಿಗೇ ಹರಡಿರುತ್ತದೆ. ಗಟ್ಟಿ ಡಬ್ಬಿಗಳು ತಳಕ್ಕೆ ಮತ್ತು ಬದಿಗಳಿಗೆ, ತಣ್ಣನೆಯವು ಒಟ್ಟಿಗೆ, ಬ್ರೆಡ್ಡು ಮೇಲೆ, ಸೋಪು ದೂರ. ಇದು ನಿಜಕ್ಕೂ ಒಂದು ಕಸುಬು. ನ್ಯಾಷನಲ್ ಗ್ರೋಸರ್ಸ್ ಅಸೋಸಿಯೇಷನ್ ಬ್ಯಾಗರ್‌ಗಳಿಗೆಂದೇ ರಾಷ್ಟ್ರಮಟ್ಟದ ಸ್ಪರ್ಧೆ ನಡೆಸುತ್ತದೆ. ವೇಗದ ಜೊತೆಗೆ ಚೀಲ ಕಟ್ಟಿದ ರೀತಿ, ಚೀಲಗಳಲ್ಲಿ ತೂಕ ಹಂಚಿದ ಬಗೆ ಎಲ್ಲಕ್ಕೂ ಅಂಕವಿದೆ. ನಮ್ಮ ಪಟ್ಟಿಯ ಸಾಮಾನು ಅತಿ ಸುರಕ್ಷಿತವಾಗಿ ಮನೆ ಸೇರಿರುವುದು ಒಳ್ಳೆಯ ಬ್ಯಾಗರ್ ಕೈಯಿಂದಲೇ. ಬಟ್ಟೆಯ ಚೀಲ ಕೊಟ್ಟರೂ ತಕರಾರಿಲ್ಲ.

ಹೋದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮ ಇದನ್ನು ನೋಡಿ ತುಂಬ ಮೆಚ್ಚಿಕೊಂಡರು. "ಸೊಪ್ಪನ್ನು ಬೇರೆ ಚೀಲಕ್ಕೆ ಹಾಕಲು ಹೇಳಪ್ಪ" ಎಂದು ಅವರು ಹೇಳಿ ಮುಗಿಸುವ ಹೊತ್ತಿಗೆ ಆ ಹುಡುಗಿ ಸೊಪ್ಪನ್ನು ಬೇರೆಯೇ ಇಟ್ಟಿದ್ದಳು.

ಆದರೆ ಪ್ರತಿ ಕೌಂಟರಿಗೂ ಬ್ಯಾಗರ್ ಇರುವುದಿಲ್ಲ. ಇಲ್ಲದಿದ್ದಾಗ ಈ ವ್ಯವಸ್ಥೆ ನಾಲ್ಕರಲ್ಲೂ ನಿಧಾನದ್ದು: ಕ್ಯಾಷಿಯರ್ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಕೊನೆಗೆ ನಡೆದು ಹೋಗಿ, ಪ್ರತಿ ವಸ್ತುವನ್ನೂ ಎರಡನೆಯ ಸಲ ಮುಟ್ಟಿ ತುಂಬಬೇಕು. ಒಬ್ಬರೇ ಕೆಲಸಗಾರರಿರುವ ಕೌಂಟರಿನಲ್ಲಿ ಚಕ್ರ ಗೆಲ್ಲುವುದು ಇಲ್ಲಿಯೇ. ಸ್ಕ್ಯಾನ್ ಮುಗಿದಾಗ ತುಂಬುವುದೂ ಮುಗಿದಿರುತ್ತದೆ.

ಸ್ವಂತ ಚೆಕ್‌ಔಟ್ ಯಂತ್ರದ ಬಗ್ಗೆ ನನಗೆ ಹೆಚ್ಚು ಒಲವಿಲ್ಲ. ಡೇವಿಡ್ ಹಂಬಲ್ ರೂಪಿಸಿದ ಇಂಥ ಯಂತ್ರವನ್ನು 1986ರಲ್ಲಿ ಅಟ್ಲಾಂಟಾ ಬಳಿಯ ಕ್ರೋಗರ್ ಅಂಗಡಿಯಲ್ಲಿ ಪ್ರಯೋಗಕ್ಕೆ ಇಟ್ಟರು. ಇವತ್ತಿನ ಅನೇಕ ಯಂತ್ರಗಳಲ್ಲಿ ಚೀಲ ಇಡುವ ಕಟ್ಟೆಯ ಕೆಳಗೆ ತಕ್ಕಡಿ ಇರುತ್ತದೆ. ಸ್ಕ್ಯಾನ್ ಆದ ವಸ್ತುವಿನ ತೂಕ ಅಲ್ಲಿ ಬೀಳಬೇಕು, ಬೀಳದಿದ್ದರೆ ಯಂತ್ರ ನಿಲ್ಲುತ್ತದೆ. ಒಂದು ಕಟ್ಟು ಕೊತ್ತಂಬರಿ ಇಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಬಟ್ಟೆಯ ಚೀಲ ಇಟ್ಟರೆ ಅದನ್ನೇ ಸಾಮಾನು ಎಂದುಕೊಳ್ಳುತ್ತದೆ. ಅಕ್ಕಿ ಮೂಟೆಯನ್ನು ಗಾಡಿಯಲ್ಲೇ ಬಿಟ್ಟರೆ ಸಹಾಯಕರು ಬಂದು ಒಪ್ಪಿಗೆ ಕೊಡಬೇಕು. ತರಕಾರಿಗೆ ಬಾರ್‌ಕೋಡ್ ಇಲ್ಲದಿದ್ದರೆ ಸಂಖ್ಯೆ ಒತ್ತಬೇಕು. ಬಾಳೆಹಣ್ಣಿಗೆ 4011, ರೋಮಾ ಟೊಮೆಟೊಗೆ 4087, ಕೊತ್ತಂಬರಿಗೆ 4889: ಇವು ಹೆಚ್ಚಿನ ಅಂಗಡಿಗಳಲ್ಲಿ ಒಂದೇ ಆದ್ದರಿಂದ ಬಾಯಿಪಾಠ ಮಾಡಿಕೊಂಡರೆ ಪರದೆಯಲ್ಲಿ ಚಿತ್ರ ಹುಡುಕುವುದು ತಪ್ಪುತ್ತದೆ. ಐದಾರು ಸಾಮಾನಿದ್ದರೆ ಈ ಯಂತ್ರವೇ ಚೆನ್ನ. ಗಾಡಿ ತುಂಬಿದ್ದರೆ ಬೇಡ, ಹಣ ಕೊಡುವವರೆಗೂ ಎಲ್ಲವೂ ಆ ಪುಟ್ಟ ಕಟ್ಟೆಯ ಮೇಲೇ ಇರಬೇಕಾಗುತ್ತದೆ. ಯಂತ್ರದ ಮುಂದೆಯೂ ಚಕ್ರದ ಪಾಠ ಉಪಯೋಗಕ್ಕೆ ಬರುತ್ತದೆ: ಮೊದಲೇ ಮೂರು ಚೀಲ ಬಾಯಿ ತೆರೆದು ಇಟ್ಟುಕೊಂಡು ಶುರು ಮಾಡಿದರೆ ಮತ್ತೆ ತೆಗೆದು ಜೋಡಿಸುವ ಕೆಲಸವಿರುವುದಿಲ್ಲ.

ಚೀಲವನ್ನೇ ಮುಟ್ಟದ ಕೌಂಟರು ಆಲ್ಡಿ ಎಂಬ ದಿನಸಿ ಅಂಗಡಿಯದು. ಇಪ್ಪತ್ತೈದು ಸೆಂಟ್ ನಾಣ್ಯ ಹಾಕಿ ಗಾಡಿ ಬಿಡಿಸಿಕೊಂಡು ಒಳಗೆ ಹೋಗಬೇಕು. ಬಿಲ್ ಮಾಡುವಾಗ ಕ್ಯಾಷಿಯರ್ ಕುಳಿತೇ ಇರುತ್ತಾರೆ, ಅದು ನನಗೆ ತುಂಬ ಇಷ್ಟ. ದಿನವಿಡೀ ನಿಂತೇ ಇರಬೇಕೆಂದು ಉಳಿದ ಅಂಗಡಿಗಳು ಯಾಕೆ ಹಟ ಹಿಡಿಯುತ್ತವೋ. ಪೊಟ್ಟಣಗಳ ಮೇಲೆ ಬಾರ್‌ಕೋಡ್ ದೊಡ್ಡದಾಗಿ, ಹಲವು ಮಗ್ಗುಲುಗಳಲ್ಲಿ ಅಚ್ಚಾಗಿರುವುದರಿಂದ ತಿರುಗಿಸಿ ಹುಡುಕುವ ಕೆಲಸವಿಲ್ಲ. ಸ್ಕ್ಯಾನ್ ಆದದ್ದು ನೇರ ಪಕ್ಕದ ಖಾಲಿ ಗಾಡಿಗೆ ಹೋಗುತ್ತದೆ, ನಮ್ಮ ಗಾಡಿ ಮುಂದಿನವರಿಗೆ. ಗೋಡೆಯುದ್ದಕ್ಕೂ ಇರುವ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ನಮ್ಮ ಪಾಡಿಗೆ ನಾವು ತುಂಬಿಕೊಳ್ಳಬಹುದು. ಹಿಂದೆ ಯಾರೂ ಕಾಯುತ್ತಿರುವುದಿಲ್ಲ, ಅಕ್ಕಿ ಎಲ್ಲಿ ಸೊಪ್ಪು ಎಲ್ಲಿ ಎಂದು ಸಾವಧಾನವಾಗಿ ಯೋಚಿಸಬಹುದು. ಒಂದೇ ಕಷ್ಟ, ಬೆಲ್ಟಿನ ಮೇಲೆ ಸಾಮಾನು ಇಡುವಾಗಲೇ ಕ್ರಮ ನೋಡಿಕೊಳ್ಳಬೇಕು: ಭಾರದ್ದು ಮೊದಲು, ಮೆತ್ತನೆಯದು ಕೊನೆಗೆ. ಕೈ ಅಷ್ಟು ಚುರುಕಾಗಿ ಓಡುವ ಕಡೆ ಮೊದಲು ಇಟ್ಟ ಟೊಮೆಟೊ ಗಾಡಿಯ ತಳ ಸೇರಿರುತ್ತದೆ.

ವೇಗಕ್ಕೆ ಆಲ್ಡಿ ಬಗೆ, ಜೋಡಣೆಗೆ ಬ್ಯಾಗರ್, ನಾಲ್ಕು ಸಾಮಾನಿಗೆ ಯಂತ್ರ. ಹಾಗಾದರೆ ಚಕ್ರಕ್ಕೆ ಏನು ಉಳಿಯಿತು? ವಾರದ ಪೂರ್ತಿ ಪಟ್ಟಿ, ಒಬ್ಬರೇ ಕ್ಯಾಷಿಯರ್, ಕೈಜೋಡಿಸುವ ಗಿರಾಕಿ, ಈ ಮೂರೂ ಕೂಡಿದಾಗ ನಾನು ಚಕ್ರವನ್ನೇ ಆರಿಸುತ್ತೇನೆ. ಚಕ್ರದ ಭವಿಷ್ಯ ಮಾತ್ರ ಪ್ಲಾಸ್ಟಿಕ್ ಕವರಿಗೆ ಕಟ್ಟಿಹಾಕಿದೆ. ಟೆಕ್ಸಾಸ್‌ನಲ್ಲಿ ಲರೇಡೋ ನಗರದ ಕವರು ನಿಷೇಧವನ್ನು ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ತಳ್ಳಿಹಾಕಿದ್ದರಿಂದ ಇಲ್ಲಿ ಚಕ್ರ ಇನ್ನೂ ನಿರಾತಂಕವಾಗಿ ತಿರುಗುತ್ತಿದೆ. ನ್ಯೂಜೆರ್ಸಿಯಲ್ಲಿ ಹಾಗಿಲ್ಲ. 2022ರ ಮೇ 4ರಿಂದ ಅಲ್ಲಿನ ದೊಡ್ಡ ದಿನಸಿ ಅಂಗಡಿಗಳು ಪ್ಲಾಸ್ಟಿಕ್ ಕವರಷ್ಟೇ ಅಲ್ಲ, ಕಾಗದದ ಚೀಲವನ್ನೂ ಕೊಡುವಂತಿಲ್ಲ. ಎಡಿಸನ್‌ನಲ್ಲಿರುವ ಅಕ್ಕನ ಕಾರಿನ ಡಿಕ್ಕಿಯಲ್ಲಿ ಸದಾ ಒಂದು ರಾಶಿ ಚೀಲಗಳಿರುತ್ತವೆ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧವಾಗಿರುವುದರಿಂದ ಅಮ್ಮನಿಗೂ ಇದು ಹೊಸದಲ್ಲ, ಅವರು ಬರುವಾಗಲೇ ಬಟ್ಟೆಯ ಚೀಲಗಳನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದಿದ್ದರು.

ಆ ಚೀಲಗಳನ್ನು ಚಕ್ರಕ್ಕೆ ನೇತುಹಾಕಲು ಹೋದರೆ ನಿಲ್ಲಲಿಲ್ಲ. ಹಿಡಿಕೆ ಉದ್ದ, ಕಂಬಿಯ ಮೇಲೆ ಜಾರಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಗಳಲ್ಲಿ ಮಾರುವ ಕೆಲವು ಮರುಬಳಕೆಯ ಚೀಲಗಳ ಬಾಯಂಚಿನಲ್ಲಿ ಎರಡು ಪುಟ್ಟ ಕುಣಿಕೆಗಳಿರುವುದನ್ನು ನೀವು ಗಮನಿಸಿರಬಹುದು. ಅವು ಇರುವುದೇ ಕಂಬಿಗೆ ಸಿಕ್ಕಿಸಲು. ಅಮ್ಮ ಅದನ್ನು ನೋಡಿಕೊಂಡು ತಮ್ಮ ಚೀಲಗಳ ಒಳಬದಿಯಲ್ಲಿಯೂ ಲಾಡಿಯ ತುಂಡುಗಳಿಂದ ಅಂಥದೇ ಕುಣಿಕೆ ಹೊಲಿದರು. ಕಂಬಿಗಳ ನಡುವಿನ ಅಂತರ ಅಂಗಡಿಯಿಂದ ಅಂಗಡಿಗೆ ಬೇರೆ ಇರಬಹುದಾದ್ದರಿಂದ ಮೊದಲು ಅಳತೆ ಮಾಡಿಕೊಂಡು ಹೊಲಿಯಿರಿ, ಕುಣಿಕೆ ಸ್ವಲ್ಪ ಸಡಿಲವಾಗಿಯೇ ಇರಲಿ. ಈಗ ನಮ್ಮ ಚೀಲಗಳು ಚಕ್ರದ ಮೇಲೆ ಬಾಯಿ ತೆರೆದು ನಿಲ್ಲುತ್ತವೆ, ನಾನು ಹೇಳಿದ ಹಿರಿಯ ಕ್ಯಾಷಿಯರ್ ತಾವೇ ಕೇಳಿ ತೆಗೆದುಕೊಂಡು ಸಿಕ್ಕಿಸುತ್ತಾರೆ. ಬಟ್ಟೆಯ ಚೀಲಕ್ಕೆ ಪ್ಲಾಸ್ಟಿಕ್ ಕವರಿನ ಎರಡರಷ್ಟು ಸಾಮಾನು ಹಿಡಿಯುತ್ತದೆ, ಪೂರ್ತಿ ತುಂಬಿದರೆ ಕಂಬಿಯಿಂದ ಬಿಡಿಸಿ ಎತ್ತುವುದು ಕಷ್ಟ. ಅರ್ಧ ಆದೊಡನೆ ಸಾಕು ಎಂದು ಕ್ಯಾಷಿಯರ್‌ಗೆ ಮೊದಲೇ ಹೇಳಿಬಿಡಿ.