ಮೂರು ವರ್ಷ, 2,600 ಗಂಟೆ: ಡಿಎಲ್‌ಪಿ ಪ್ರೊಜೆಕ್ಟರ್ ಮತ್ತು ಬಾಕ್ಸ್ ಮೇಲಿನ ಅಂಕಿಗಳು

ಮೂರು ವರ್ಷದಲ್ಲಿ 2,600 ಗಂಟೆ ಓಡಿದ ನನ್ನ ಯಂತ್ರ ಒಂದೇ ಚಿಪ್‌ನ, ಲ್ಯಾಂಪ್ ಇರುವ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರ್. ನೇಟಿವ್ ರೆಸಲ್ಯೂಶನ್ (ನಿಜಕ್ಕೂ ಇರುವ ಪಿಕ್ಸೆಲ್‌ಗಳು) 1920x1080. ಪರದೆ 100 ಇಂಚಿನದು, 16:9, ಬಿಳಿ ಮ್ಯಾಟ್, ಗೇನ್ (ಬೆಳಕನ್ನು ಹಿಂದಿರುಗಿಸುವ ಪ್ರಮಾಣ) 1.0. ಚಿತ್ರ ಇವತ್ತಿಗೂ ಚೆನ್ನಾಗಿದೆ. ಆದರೆ ಬಾಕ್ಸ್ ಮೇಲೆ ಅಚ್ಚಾಗಿದ್ದ ಅಂಕಿಗಳಲ್ಲಿ ಪರದೆಯ ಮೇಲೂ ನಿಜವಾದದ್ದು ಎರಡೇ: ನೇಟಿವ್ ರೆಸಲ್ಯೂಶನ್ ಮತ್ತು ಥ್ರೋ ರೇಶಿಯೋ (ಪರದೆಗಿರುವ ದೂರಕ್ಕೂ ಪರದೆಯ ಅಗಲಕ್ಕೂ ಇರುವ ಅನುಪಾತ). ಉಳಿದವನ್ನು ಬಿಡಿಸಿ ಓದಬೇಕು. '4ಕೆ ಸಪೋರ್ಟೆಡ್' ಎಂದರೆ 4ಕೆ ಸಿಗ್ನಲ್ ಒಪ್ಪಿಕೊಂಡು ಇರುವಷ್ಟೇ ಪಿಕ್ಸೆಲ್‌ಗೆ ಇಳಿಸುತ್ತದೆ ಎಂದು ಮಾತ್ರ.

ಬೆಳಕಿನ ವಿಷಯಕ್ಕೆ ಬರೋಣ. ಬಾಕ್ಸ್‌ನಲ್ಲಿ 3000 ಆನ್ಸಿ ಲ್ಯುಮೆನ್ಸ್ (ಲ್ಯುಮೆನ್ ಎಂದರೆ ಒಟ್ಟು ಬೆಳಕಿನ ಅಳತೆ, ಆನ್ಸಿ ಎಂದರೆ ಅಮೆರಿಕದ ಮಾನಕ ಸಂಸ್ಥೆ). ಪರದೆಯನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ನಡುವೆ ಬೆಳಕು ಅಳೆದು, ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸಿದರೆ ಬರುವುದು ಆನ್ಸಿ ಲೆಕ್ಕ. ಅಳತೆ ನಂಬುವಂಥದ್ದೇ. ಆದರೆ ಆ 3000 ಸಿಗುವುದು 'ಬ್ರೈಟ್' ಮೋಡ್‌ನಲ್ಲಿ, ಅಲ್ಲಿ ಮುಖಗಳೆಲ್ಲ ಹಸಿರು ಹೊಡೆಯುತ್ತವೆ. ಬಣ್ಣ ಸರಿಯಿರುವ ಸಿನಿಮಾ ಮೋಡ್‌ಗೆ ಬಂದರೆ ಸುಮಾರು ಅರ್ಧ, ಲ್ಯಾಂಪ್ ತಗ್ಗಿಸುವ ಇಕೊ ಮೋಡ್ ಹಾಕಿದರೆ ಇನ್ನೂ ಮೂರನೇ ಒಂದು ಪಾಲು ಹೋಗುತ್ತದೆ. ಕೈಗೆ ಉಳಿಯುವುದು 1000. ಪರದೆ 29.7 ಚದರ ಅಡಿ, ಭಾಗಿಸಿದರೆ ಸುಮಾರು 34 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ). ಡಿಜಿಟಲ್ ಚಿತ್ರಮಂದಿರದ ಗುರಿಯೇ 14. ಹಾಗಾಗಿ ಕತ್ತಲೆ ಕೋಣೆಯಲ್ಲಿ ಇದು ಧಾರಾಳ, ಲ್ಯಾಂಪ್ ಅರ್ಧ ಮಂಕಾದ ಮೇಲೂ 17 ಉಳಿಯುತ್ತದೆ. ಟ್ಯೂಬ್‌ಲೈಟ್ ಹಾಕಿಕೊಂಡು ನೋಡುವವರಿಗೆ ಎಷ್ಟು ಲ್ಯುಮೆನ್ಸ್ ಇದ್ದರೂ ಕಪ್ಪು ಕಪ್ಪಾಗಿ ಕಾಣದು. ಬಿಳಿ ಪರದೆಗೆ ಕೋಣೆಯ ಬೆಳಕು ಬಿದ್ದಷ್ಟೂ ಕಪ್ಪು ಬೂದಿಯಾಗುತ್ತದೆ. ಆನ್ಸಿ ಅಥವಾ ಐಎಸ್‌ಒ ಎಂಬ ಮಾತಿಲ್ಲದೆ ಬರೀ '9000 ಲ್ಯುಮೆನ್ಸ್' ಎಂದಿರುವ ಅಗ್ಗದ ಪೆಟ್ಟಿಗೆಗಳನ್ನು ದಯವಿಟ್ಟು ಪಕ್ಕಕ್ಕಿಡಿ.

ಬಾಕ್ಸ್ ಮೇಲಿನ 15000:1 ಕಾಂಟ್ರಾಸ್ಟ್ (ಬಿಳಿ-ಕಪ್ಪಿನ ಬೆಳಕಿನ ಅನುಪಾತ) ಕೂಡ ಹಾಗೆಯೇ. ಮೊದಲು ಪೂರ್ತಿ ಬಿಳಿ, ಆಮೇಲೆ ಲ್ಯಾಂಪ್ ತಗ್ಗಿಸಿ ಪೂರ್ತಿ ಕಪ್ಪು ತೋರಿಸಿ ತೆಗೆದ ಅಂಕಿ. ಕಪ್ಪು-ಬಿಳಿ ಚೌಕಗಳು ಒಟ್ಟಿಗಿರುವ ಆನ್ಸಿ ಕಾಂಟ್ರಾಸ್ಟ್ ಕೆಲವು ನೂರರಲ್ಲೇ ಇರುತ್ತದೆ. ಚಿತ್ರದ ಬೆಳಕು ಚಾವಣಿಗೆ ಬಡಿದು ಮತ್ತೆ ಪರದೆಗೇ ಬೀಳುವುದರಿಂದ, ಪರದೆಯ ಹತ್ತಿರದ ಚಾವಣಿಗೆ ಹೊಳಪಿಲ್ಲದ ಗಾಢ ಬಣ್ಣ ಹೊಡೆಸಿದರೆ ಚಿತ್ರದಲ್ಲಿ ಕಣ್ಣಿಗೆ ಕಾಣುವ ಸುಧಾರಣೆ ಆಗುತ್ತದೆ.

ಕಪ್ಪು ಬೂದಿಯಾಗಲು ಇನ್ನೊಂದು ಕಾರಣವಿದೆ, ಇದನ್ನು ಹೆಚ್ಚಿನವರು ಯಂತ್ರದ ದೋಷವೆಂದೇ ತಿಳಿಯುತ್ತಾರೆ: ಎಚ್‌ಡಿಎಂಐ ರೇಂಜ್, ಅಂದರೆ ಕೇಬಲ್‌ನಲ್ಲಿ ಕಪ್ಪಿನಿಂದ ಬಿಳಿವರೆಗೆ ಬಳಸುವ ಅಂಕಿಗಳ ವ್ಯಾಪ್ತಿ. ಸೆಟ್‌ಟಾಪ್ ಬಾಕ್ಸ್ ಕಳಿಸುವುದು ಲಿಮಿಟೆಡ್ (16ರಿಂದ 235), ಪ್ರೊಜೆಕ್ಟರ್ ಫುಲ್ (0ಯಿಂದ 255) ಎಂದುಕೊಂಡರೆ ಇಡೀ ಚಿತ್ರಕ್ಕೆ ಮಂಜು ಕವಿದಂತೆ. ತದ್ವಿರುದ್ಧವಾದರೆ ಕಪ್ಪು ಕೂದಲಿನ ಎಳೆಗಳೆಲ್ಲ ಒಂದೇ ಮುದ್ದೆ. ಎರಡೂ ಕಡೆ ಒಂದೇ ಆಯ್ಕೆ ಇಟ್ಟರೆ ಸರಿಹೋಗುತ್ತದೆ.

ಥ್ರೋ ರೇಶಿಯೋವನ್ನು ಗುಣಿಸಬೇಕಾದದ್ದು ಪರದೆಯ ಅಗಲದಿಂದ, ಕರ್ಣದಿಂದಲ್ಲ. 100 ಇಂಚಿಗೆ ಅಗಲ 2.21 ಮೀಟರ್, ರೇಶಿಯೋ 1.5 ಇದ್ದರೆ ಲೆನ್ಸ್‌ನಿಂದ ಪರದೆಗೆ 3.32 ಮೀಟರ್. ಯಂತ್ರದ ದೇಹಕ್ಕೆ, ಹಿಂದಿನ ಕೇಬಲ್‌ಗೆ, ಬಿಸಿಗಾಳಿಗೆ ಇನ್ನೂ ಅರ್ಧ ಮೀಟರ್ ಬಿಡಿ. ಆಫ್‌ಸೆಟ್ (ಲೆನ್ಸ್‌ಗಿಂತ ಚಿತ್ರ ಎಷ್ಟು ಸರಿದು ಬೀಳುತ್ತದೆ ಎಂಬ ಅಳತೆ) 110% ಇರುವ ಯಂತ್ರವನ್ನು ಚಾವಣಿಗೆ ತಲೆಕೆಳಗಾಗಿ ಕಟ್ಟಿದರೆ ಚಿತ್ರದ ಮೇಲಂಚು ಲೆನ್ಸ್‌ಗಿಂತ, ಚಿತ್ರದ ಎತ್ತರದ 10%, ಅಂದರೆ 12.5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಇದನ್ನು ಅಳೆಯದೆ ಬ್ರಾಕೆಟ್ ಹೊಡೆದು, ಓರೆಯಾದ ಚಿತ್ರವನ್ನು ಮೆನುವಿನ ಕೀಸ್ಟೋನ್‌ನಿಂದ ನೇರ ಮಾಡಿದರೆ ಪಿಕ್ಸೆಲ್‌ಗಳು ವ್ಯರ್ಥವಾಗಿ ಅಕ್ಷರಗಳ ಅಂಚು ಮಸುಕಾಗುತ್ತದೆ. ಕೀಸ್ಟೋನ್ ಸೊನ್ನೆಯಲ್ಲೇ ಇರಲಿ.

ಒಂದೇ ಚಿಪ್‌ನ ಡಿಎಲ್‌ಪಿಯಲ್ಲಿ ಬಣ್ಣಗಳನ್ನು ಒಂದರ ಹಿಂದೊಂದು ತೋರಿಸುವ ಚಕ್ರದಿಂದ (ಕಲರ್ ವೀಲ್) ಹುಟ್ಟುವ ಕಾಮನಬಿಲ್ಲು ಎಲ್ಲರಿಗೂ ಕಾಣಿಸದು. ಕೊಳ್ಳುವ ಮುನ್ನ ಕಪ್ಪು ಹಿನ್ನೆಲೆಯ ಬಿಳಿ ಸಬ್‌ಟೈಟಲ್ ಮೇಲೆ ಕಣ್ಣನ್ನು ಅತ್ತಿತ್ತ ಬೇಗ ಹೊರಳಿಸಿ ನೋಡಿ. ಬಣ್ಣದ ಗೆರೆ ಕಂಡರೆ ಮೂರು ಬಣ್ಣಕ್ಕೂ ಬೇರೆ ಬೇರೆ ಎಲ್‌ಸಿಡಿ ಇರುವ 3ಎಲ್‌ಸಿಡಿ ಪ್ರೊಜೆಕ್ಟರ್ ತೆಗೆದುಕೊಳ್ಳಿ. ಅದರಲ್ಲಿ ಧೂಳಿನ ಫಿಲ್ಟರ್ ಸ್ವಚ್ಛಗೊಳಿಸುವ ಕೆಲಸ ಇದ್ದೇ ಇದೆ.

'ಲ್ಯಾಂಪ್ ಬಾಳಿಕೆ 4000 ಗಂಟೆ' ಎಂದರೆ ಅಷ್ಟರಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ ಎಂದರ್ಥ. ಲ್ಯಾಂಪ್‌ಗೆ ನಿಜವಾದ ಶತ್ರು ಕರೆಂಟ್ ಹೋಗುವುದು: ಫ್ಯಾನ್ ಒಮ್ಮೆಲೇ ನಿಂತು ಒಳಗಿನ ಬಿಸಿ ಹಾಗೇ ಉಳಿಯುತ್ತದೆ, ಆರುವ ತನಕ ಮತ್ತೆ ಹೊತ್ತಿಕೊಳ್ಳುವುದೂ ಇಲ್ಲ. ಮನೆಯ ಇನ್ವರ್ಟರ್ ಇದ್ದರೆ, ಕರೆಂಟ್ ಹೋದಾಗ ಬೇಗ ಬದಲಾಗುವಂತೆ, ಅದರ ಹಿಂದಿನ ಸ್ವಿಚ್ 'ಯುಪಿಎಸ್' ಮೋಡ್‌ನಲ್ಲಿರಲಿ. ಬೇರೆ ಯುಪಿಎಸ್ ಕೊಳ್ಳುವಾಗ ವಿಎ (ವೋಲ್ಟ್-ಆಂಪಿಯರ್) ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಸಾಮಾನ್ಯವಾಗಿ 360 ವ್ಯಾಟ್. ಲ್ಯಾಂಪ್ ಬದಲಿಸಿದಾಗ ಗಾಜನ್ನು ಬೆರಳಿನಿಂದ ಮುಟ್ಟದೆ ಹೌಸಿಂಗ್ ಸಮೇತ ಕೂರಿಸಿ, ಮೆನುವಿನಲ್ಲಿ ಲ್ಯಾಂಪ್ ಅವರ್ಸ್ ರೀಸೆಟ್ ಮಾಡಿ. ಇಲ್ಲದಿದ್ದರೆ ಹೊಸ ಲ್ಯಾಂಪ್‌ಗೂ ಹಳೆಯ ಎಚ್ಚರಿಕೆಯೇ ಬರುತ್ತಿರುತ್ತದೆ.