ಕಡಿಮೆ ಬೆಲೆಯ ಎಸ್‌ಯುವಿ, ದುಬಾರಿ ಎಸ್‌ಯುವಿ: ಮಾರುವಾಗ ಯಾವುದರಲ್ಲಿ ನಷ್ಟ ಕಡಿಮೆ?

ಮರುಮಾರಾಟದ ಮಾತು ಬಂದರೆ ಎಲ್ಲರೂ ಶೇಕಡಾ ಲೆಕ್ಕ ಹೇಳುತ್ತಾರೆ. ಆದರೆ ಜೇಬಿಗೆ ಬೀಳುವ ಪೆಟ್ಟು ಅಷ್ಟರಿಂದಲೇ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಅಗ್ಗದ ಗಾಡಿಯ ಬೆಲೆ 100, ದುಬಾರಿ ಗಾಡಿಯದು 160 ಎಂದಿಟ್ಟುಕೊಳ್ಳಿ. ಕೆಲವು ವರ್ಷದ ನಂತರ ಅಗ್ಗದ್ದು ಶೇ. 55 ಉಳಿಸಿಕೊಂಡಿತು, ದುಬಾರಿಯದು ಶೇ. 60. ಕೇಳಲು ದುಬಾರಿಯದೇ ಗೆದ್ದ ಹಾಗಿದೆ, ಅಲ್ವಾ? ಆದರೆ ಮೊದಲನೆಯದರಲ್ಲಿ ಕಳೆದುಕೊಂಡದ್ದು 45, ಎರಡನೆಯದರಲ್ಲಿ 64. ನನ್ನ ಒಲವು ಅಗ್ಗದ್ದರ ಕಡೆಗೇ.

ಹಾಗಂತ ಅಗ್ಗದ ಗಾಡಿಯ ಟಾಪ್ ಮಾಡೆಲ್‌ಗೆ ಹೋಗಬೇಡಿ. ಸನ್‌ರೂಫ್, ದೊಡ್ಡ ಸ್ಕ್ರೀನ್‌ಗೆ ಕೊಟ್ಟ ಹಣ ಮಾರುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಕಡಿಮೆ ಬೆಲೆಯ ಗಾಡಿ ಹುಡುಕುವವರು ಮೊದಲು ನೋಡುವುದೇ ಬೆಲೆಯನ್ನು. ಮಧ್ಯದ ಮಾಡೆಲ್ ಸಾಕು.

ಹೊಸ ತಲೆಮಾರು ಯಾವಾಗ ಬರುತ್ತದೆ ಎಂಬುದನ್ನೂ ಗಮನಿಸಿ. ಉದಾಹರಣೆಗೆ, ರೊಮೇನಿಯಾದ ಡಾಸಿಯಾ ಕಂಪನಿಯ ಅಗ್ಗದ ಎಸ್‌ಯುವಿ ಡಸ್ಟರ್ 2010ರಲ್ಲಿ ಬಂತು. ಎರಡನೇ ತಲೆಮಾರು 2017ರಲ್ಲಿ, ಮೂರನೆಯದು 2023ರಲ್ಲಿ ಅನಾವರಣಗೊಂಡಿತು. ಅಂದರೆ ಆರೇಳು ವರ್ಷಕ್ಕೊಮ್ಮೆ ರೂಪವೇ ಬದಲು. ಆ ಅವಧಿಯ ಕೊನೆಯಲ್ಲಿ ಕೊಂಡರೆ ನಿಮ್ಮ ಗಾಡಿ ಬೇಗ ಹಳೆಯದಾಗಿ ಕಾಣುತ್ತದೆ. ಆಗ ಕೊಳ್ಳುವುದಾದರೆ ಒಳ್ಳೆಯ ರಿಯಾಯಿತಿ ಕೇಳಿಯೇ ಕೊಳ್ಳಿ.

ಹತ್ತು ವರ್ಷ ಇಟ್ಟುಕೊಳ್ಳುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಷ್ಟು ಹೊತ್ತಿಗೆ ಗಾಡಿಯ ಸ್ಥಿತಿ ಮತ್ತು ಸರ್ವಿಸ್ ದಾಖಲೆಯೇ ಜಾಸ್ತಿ ಮಾತಾಡುತ್ತವೆ. ಪ್ರತಿ ಸರ್ವಿಸ್‌ನ ಬಿಲ್ ಎತ್ತಿಡಿ, ಎರಡನೇ ಕೀ ಕಳೆಯಬೇಡಿ.